ಬಟ್ಟೆಯಲ್ಲಿ ಸೋಸಿದ ರಾಗಿ

ಅಪ್ಪನಿಗೆ ಲಕ್ವ ಹೊಡೆದು ಎಡಗೈ ಸ್ವಾಧೀನ ತಪ್ಪಿದ ಮೇಲೆ ಅವ್ವ ಅವರಿಗೆ ಮುದ್ದೆ ಕೊಡುವುದನ್ನೇ ನಿಲ್ಲಿಸಿದಳು. ಮುದ್ದೆ ಭಾರ, ಸೊಪ್ಪು ಕಾಳು ವಾಯು, ಹಾಸಿಗೆ ಹಿಡಿದವರಿಗೆ ಅರಗುವುದಿಲ್ಲ ಎಂಬುದು ಅವಳ ಗಟ್ಟಿ ನಂಬಿಕೆ. ನಮ್ಮ ಕಡೆ ಎಳೆ ಮಕ್ಕಳಿಗೆ ರಾಗಿಸರಿ ಮಾಡುತ್ತಾರಲ್ಲ, ಅದನ್ನೇ ಅಪ್ಪನಿಗೂ ಶುರುಮಾಡಿದಳು. ಬದನವಾಳಿನಿಂದ ತಂದ ತೆಳ್ಳನೆ ಖಾದಿ ಬಟ್ಟೆಯನ್ನು ಪಾತ್ರೆಯ ಬಾಯಿಗೆ ಬಿಗಿದು, ಹಿಟ್ಟನ್ನು ಅಂಗೈಯಲ್ಲಿ ಉಜ್ಜಿ ಉಜ್ಜಿ ಇಳಿಸುವಳು. ಪೌಡರಿನಂಥ ಹಿಟ್ಟು ಅಪ್ಪನಿಗೆ. ಬಟ್ಟೆಯ ಮೇಲೆ ಉಳಿದ ತೌಡು ಹಸುವಿನ ಬಾನಿಗೆ.

ನಾನಿರುವುದು ಟಿ. ನರಸೀಪುರದಲ್ಲಿ. ರಜೆಯ ದಿನ ಚಿಕ್ಕಯ್ಯನಛತ್ರದ ಹತ್ತಿರದ ನಮ್ಮೂರಿಗೆ ಹೋದಾಗಲೆಲ್ಲ ಅಪ್ಪ ಹಿತ್ತಲ ಕಕ್ಕಸಿನಲ್ಲೇ ಇರುತ್ತಿದ್ದರು. ತಾಂಡ್ಯದ ಕಾರ್ಖಾನೆಯಲ್ಲಿ ಮೂಟೆ ಎತ್ತಿ ದುಡಿದ ಮನುಷ್ಯ, ಒಂದು ಕೈಯಲ್ಲಿ ಗೋಡೆ ಹಿಡಿದು, ಬೆವೆತು, ತಲೆ ತಗ್ಗಿಸಿ ಹೊರಗೆ ಬರುವರು. ಆಯ್ತಾ ಎಂದು ಅವ್ವ ಕೇಳಿದರೆ ಇಲ್ಲವೆಂದು ಕೈಯಾಡಿಸಿ ಒಳಗೆ ನಡೆಯುವರು. ಆಗದಿದ್ದಷ್ಟೂ ಅವಳು ಬಟ್ಟೆಯನ್ನು ಮಡಿಕೆ ಹಾಕಿ ಇನ್ನೂ ನಯವಾಗಿ ಸೋಸುವಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಯಾರ ಮೇಲೆ ಸಿಟ್ಟು ಎಂಬುದೇ ಗೊತ್ತಾಗುತ್ತಿರಲಿಲ್ಲ.

ರಕ್ತ ಹೋಗಲು ಶುರುವಾದಾಗ ನಂಜನಗೂಡಿನ ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಪರೀಕ್ಷೆ ಮಾಡಿ, ಊಟದ ವಿಷಯವನ್ನೆಲ್ಲ ಕೆದಕಿ ಕೇಳಿ, ಇದರಲ್ಲಿ ನಾರೇ ಇಲ್ಲವಲ್ಲ ಎಂದರು. ಕರುಳಿನಲ್ಲಿ ನೀರು ಹಿಡಿದಿಟ್ಟುಕೊಂಡು ಮಲವನ್ನು ಮೆತ್ತಗೆ ಮಾಡಿ ಮುಂದೆ ದೂಡುವುದೇ ನಾರಂತೆ. ಅದೂ ಇಲ್ಲ, ಓಡಾಟವೂ ಇಲ್ಲ, ಒಣಗಿ ಕಲ್ಲಾಗಿದೆ. ನುಂಗಲು ತೊಂದರೆಯಿಲ್ಲ, ಇನ್ನು ಸೋಸದ ರಾಗಿ, ಸೊಪ್ಪು, ಕಾಳು ಸ್ವಲ್ಪ ಸ್ವಲ್ಪವಾಗಿ ಕೊಡಿ, ನೀರು ಚೆನ್ನಾಗಿ ಕುಡಿಯಲಿ ಎಂದರು.

ಆಟೋದಲ್ಲಿ ಅಪ್ಪ ಬಲಗೈಯಲ್ಲಿ ನನ್ನ ಕೈ ಹಿಡಿದುಕೊಂಡರು. ಆಮೇಲೆ, "ನಿಮ್ಮವ್ವಂಗೆ ಏಳ್‌ಬ್ಯಾಡ ಕಣವ್ವ. ನಂಗೋಸ್ಕರ ಅವ್ಳು ಮಾಡಾಕೆ ಅಂತ ಉಳ್ದಿರೋದು ಅದೊಂದೇಯ," ಎಂದರು.

ಹೇಳದೆ ಇರುವುದು ಹೇಗೆ? ಹೇಳಿದೆ. ಅವ್ವ ಅಳಲಿಲ್ಲ. ಬಟ್ಟೆಯನ್ನು ಒದರಿ ಮಡಿಸಿದಳು.

"ಅವ್ರೊಟ್ಟೆಗೆ ಬೇಕಾಗಿದ್ನೆಲ್ಲ ದನೀನ್ ಬಾನಿಗೆ ಉಯ್ದ್‌ಬುಟ್ನಲ್ಲ," ಎಂದಳು.

ಮಾರನೆಯ ದಿನದಿಂದ ಸೋಸದ ಹಿಟ್ಟಿನ ಮುದ್ದೆ, ದಂಟಿನ ಸೊಪ್ಪಿನ ಸಾರು. ಕ್ರಮೇಣ ಅಪ್ಪನ ಹೊಟ್ಟೆ ಸಲೀಸಾಯಿತು, ರಕ್ತವೂ ನಿಂತಿತು. ಅವ್ವ ಮಾತ್ರ ಅವರು ಉಣ್ಣುವಾಗ ಎದುರಿಗೆ ಕೂರುವುದನ್ನು ಬಿಟ್ಟಳು. ಒಂದು ಹಿಡಿ ಅವರೆಕಾಳು ಹಾಕಬೇಕಾದರೂ ನನಗೆ ಫೋನ್ ಮಾಡಿ, ಹಾಕಬಹುದಾ ಎಂದು ಕೇಳುತ್ತಾಳೆ. ಅದೇ ಅಡುಗೆಯನ್ನು ಮದುವೆಯಾದಾಗಿನಿಂದ ಮಾಡಿಕೊಂಡು ಬಂದವಳು.

ಮೊನ್ನೆ ಅಪ್ಪ ಮುದ್ದೆ ಮುರಿಯುತ್ತಾ, ಒಲೆಯ ಹತ್ತಿರವಿದ್ದ ಅವ್ವನಿಗೆ, ಒಂದು ಹೊತ್ತು ಆ ರಾಗಿಸರಿ ಮಾಡಿಕೊಡು, ಬಾಯಿಗೆ ಚೆನ್ನಾಗಿತ್ತು ಎಂದರು. ಅದು ಅವರಿಗೆ ಬೇಕಿರಲಿಲ್ಲ, ಅವಳಿಗಾಗಿ ಕೇಳಿದ್ದು.

"ಬ್ಯಾಡಿ. ನನ್ ಕೈಮ್ಯಾಲೆ ನಂಗೇ ನಂಬ್ಕೆ ಇಲ್ಲ," ಎಂದು ಅವ್ವ ಹಿತ್ತಲಿಗೆ ಹೋದಳು.

ಅಪ್ಪ ತಟ್ಟೆಯಲ್ಲಿದ್ದುದನ್ನೆಲ್ಲ ಒಂದೇ ಕೈಯಲ್ಲಿ ಬಳಿದು ತಿಂದರು.