ಚಪ್ಪಲಿ ಬಿಟ್ಟು ನಡೆದ ಮರಳು

ನಾನು ಟಿಪ್ಪರ್‌ನಿಂದ ಸುರಿದ ಮರಳಿನ ಮೇಲೆ ಮಸ್ತಾನ್ ಸಾಬರು ಚಪ್ಪಲಿ ಬಿಟ್ಟು ನಡೆಯತೊಡಗಿದಾಗ ನನಗೆ ರೇಗಿತು. ರಾಜಾನುಕುಂಟೆ ಬಳಿ ರೇಸ್ ಕುದುರೆಗಳನ್ನು ಪಳಗಿಸುವ ಟ್ರ್ಯಾಕ್ ಅದು, ನೋಡಿಕೊಳ್ಳುವವರು ಅವರು. ಹತ್ತು ಹೆಜ್ಜೆಗೆ ನಿಂತು, ಬಗ್ಗಿ, ಬೆರಳುದ್ದದ ಚೂಪು ಕಲ್ಲೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು.

“ಒಂದ್ ಕಲ್ಲು ತಾನೇ ಸಾಬ್ರೇ!” ಎಂದೆ.

“ಓಡೋ ಕುದುರೆ ಕಾಲು ಇದ್ರ ಮೇಲೆ ಬಿದ್ರೆ ಅದೂ ಹೋಯ್ತು, ಮೇಲೆ ಕೂತೋನೂ ಹೋದ. ವಾಪಸ್ ತುಂಬ್ಕೊಂಡು ಹೋಗು.”

ಗೊಣಗುತ್ತಲೇ ಹೊರಟೆ. ಯಲಹಂಕ ದಾಟುವಾಗ ತಟ್ಟನೆ ನೆನಪಾಯಿತು. ಯಾರ್ಡಿನ ಇದೇ ರಾಶಿಯಿಂದ ತುಂಬಿದ ಹಿಂದಿನ ಲೋಡನ್ನು ಕೆಂಪಾಪುರದ ಶಾಲೆಯೊಂದರ ಜಾರುಬಂಡೆಯ ಕೆಳಗೆ ಸುರಿದು ಬಂದಿದ್ದೆ. ಅಲ್ಲಿ ಯಾರೂ ಬರಿಗಾಲಲ್ಲಿ ನಡೆದು ನೋಡಿರಲಿಲ್ಲ, ನಾನೂ.

ಗಾಡಿಯನ್ನು ಅತ್ತಲೇ ತಿರುಗಿಸಿದೆ. ಶಾಲೆಯ ಗೇಟಿನಲ್ಲೇ ಚಪ್ಪಲಿ ಕಳಚಿದೆ.