ಮಾತೇ ಹೊರಡದ ನಮ್ಮತ್ತೆ

“ಅಜ್ಜೀ, ಆ ಸೀರೇನ ಕೆಸರಲ್ಲಿ ಹಾಕ್ಕೊಂಡು ಅಳ್ರಿ, ಒಂದು ಶಾಟ್ ತಗೋತೀವಿ” ಅಂದ ಟಿವಿ ವರದಿಗಾರ. ಮೊಳಕಾಲ್ಮೂರಿನ ನಮ್ಮ ಮನೆಗೆ ಮಳೆನೀರು ನುಗ್ಗಿ, ನೇಯುವಾಗ ಕಾಲು ಇಳಿಬಿಡುವ ಮಗ್ಗದ ಗುಂಡಿ ಬಾವಿಯಾಗಿತ್ತು. ಅರ್ಧ ನೇಯ್ದಿದ್ದ ರೇಷ್ಮೆ ಸೀರೆಯನ್ನು ಮಗ್ಗದಿಂದ ಬಿಚ್ಚಿ, ತಲೆ ಮೇಲೆ ಹೊತ್ತು ಉಳಿಸಿದವರು ನಮ್ಮತ್ತೆ. ಕಾಲು ತೊಳೆಯದವರನ್ನು ಮಗ್ಗದ ಹತ್ತಿರವೂ ಬಿಡದ ಹೆಂಗಸು.

“ಮೊದ್ಲು ನಿನ್ ಕ್ಯಾಮೆರಾನ ಆ ಗುಂಡಿಗೆ ಇಳಿಸಪ್ಪ, ಆಮೇಲೆ ಇಬ್ರೂ ಕೂತ್ಕಂಡು ಅಳಾನ” ಅಂದರು ಅತ್ತೆ. ಅದರಾಚೆ ಬೈದಿದ್ದನ್ನು ಪತ್ರಿಕೆಗೆ ಬರೆಯುವಂತಿಲ್ಲ.

ಸಂಜೆ ಟಿವಿಯಲ್ಲಿ ಅತ್ತೆ ಬಂದರು. ಬಾಯಿ ಆಡುತ್ತಿತ್ತು, ದನಿ ಮಾತ್ರ ಇರಲಿಲ್ಲ. ಅದರ ಬದಲು ಪಿಟೀಲು ಅಳುತ್ತಿತ್ತು. ಕೆಳಗೆ ದಪ್ಪಕ್ಷರದಲ್ಲಿ: ‘ದುಃಖದಿಂದ ಮಾತೇ ಹೊರಡದ ವೃದ್ಧೆ!’

ಈಗ ನೆರೆಯ ಸುದ್ದಿಯಲ್ಲಿ ಪಿಟೀಲು ಶುರುವಾದರೆ ಸಾಕು, ನಾನು ಜನರ ತುಟಿಯನ್ನೇ ನೋಡುತ್ತೇನೆ, ಏನು ಬೈತಿರಬಹುದು ಅಂತ.