ಗೌರವ್ವ ಚಿಗವ್ವ ಮತ್ತು ಬೆವರುವ ಮಚ್ಚೆ

ಹಾಲಿನವನು ಅಳೆದು ಸುರಿಯುವಾಗ ಅವನ ಹೆಬ್ಬೆರಳು ಅಳತೆಪಾತ್ರೆಯ ಒಳಗಿದೆಯೋ ಹೊರಗಿದೆಯೋ ಎಂದು ಬಗ್ಗಿ ನೋಡುತ್ತಿದ್ದವಳು ನಮ್ಮ ಗೌರವ್ವ ಚಿಗವ್ವ. ಬಬಲೇಶ್ವರದ ಸಂತೆಯಲ್ಲಿ ಯಾರಾದರೂ ಕೊಸರು ಹಾಕಿದರೆ ಅವರ ಮೇಲೆ ಅನುಮಾನ ಇನ್ನೂ ಹೆಚ್ಚು. "ನಕ್ಕೋತ ಕೊಡಾವ್ರನ್ನ ಎರಡ ಸಲ ನೋಡಬೇಕು" ಎನ್ನುತ್ತಿದ್ದಳು. ನಮ್ಮವ್ವನ ತಂಗಿ. ನನಗೆ ಅವಳೆಂದರೆ ಬಲು ಪ್ರೀತಿ, ಸ್ವಲ್ಪ ಹೆದರಿಕೆ.

ಅವಳ ಎಡ ಮುಂಗೈ ಮೇಲೆ ಹುಟ್ಟಿನಿಂದಲೇ ಒಂದು ಕಂದು ಮಚ್ಚೆಯಿತ್ತು. ಬರಬರುತ್ತ ಅದು ಉಬ್ಬಿತು. ಮೈಯೆಲ್ಲ ಒಣಗಿದ್ದರೂ ಅದೊಂದೇ ಜಾಗ ಬೆವರುತ್ತಿತ್ತು. ಸೆರಗು ತಾಗಿದರೂ ಜೀವ ಹೋಗುವಂಥ ನೋವು. ಆದರೆ ನೋಡಿದರೆ ಗಾಯವಿಲ್ಲ, ಕೀವಿಲ್ಲ. ರೊಟ್ಟಿ ಬಡಿಯುವುದು ತಪ್ಪಿಸಿಕೊಳ್ಳಲು ನಾಟಕ ಎಂದಳು ಅವಳ ಅತ್ತೆ. ಗಂಡ ಹೂಂ ಎಂದ. ಮುಲಾಮು ಕೊಟ್ಟ ಡಾಕ್ಟರು ಕೂಡ ಟೆನ್ಶನ್ ಮಾಡಿಕೊಳ್ಳಬೇಡಿ ಎಂದು ಕಳಿಸಿದರು. ತನ್ನನ್ನು ಯಾರೂ ನಂಬದ ಮನೆಯಲ್ಲಿ ಅರ್ಧ ಆಯುಷ್ಯ ಕಳೆದವಳು ಲೋಕವನ್ನು ಹೇಗೆ ನಂಬಿಯಾಳು?

ಕೊನೆಗೆ ನಾನೇ ಅವಳನ್ನು ವಿಜಯಪುರದ ಚರ್ಮದ ಡಾಕ್ಟರ ಬಳಿ ಕರೆದೊಯ್ದೆ. ಅವರು ಮಚ್ಚೆಯನ್ನು ಮೆಲ್ಲಗೆ ಒತ್ತಿದರು. ಚಿಗವ್ವನ ಕಣ್ಣಲ್ಲಿ ನೀರು ಬಂತು. ಇದು ಅಪರೂಪದ್ದು, ಬೆವರಿನ ಗ್ರಂಥಿಗಳೂ ರಕ್ತನಾಳಗಳೂ ಹುಟ್ಟುವಾಗಲೇ ಸಿಕ್ಕುಗಟ್ಟಿದಂತಿದೆ, ಕ್ಯಾನ್ಸರ್ ಇರಲಿಕ್ಕಿಲ್ಲ, ಕತ್ತರಿಸಿ ತೆಗೆದರೆ ನೋವು ಹೋಗಬಹುದು ಎಂದರು. ಚಿಗವ್ವ ಹೊರಗೆ ಬಂದವಳೇ ನನ್ನನ್ನು ಸಿದ್ಧೇಶ್ವರ ಗುಡಿಯ ಕಡೆಗೆ ಎಳೆದುಕೊಂಡು ನಡೆದಳು.

"ಈ ಡಾಕ್ಟರ ಭಾಳ ಲಗೂನ ನಂಬಿದ ನೋಡು. ಇದರಾಗ ಏನೋ ಐತಿ."

ನನಗೆ ನಗು ಬಂತು, ಮರುಗಳಿಗೆಗೆ ಅವಳ ಅತ್ತೆಯ ಮಾತು ನೆನಪಾಯಿತು. ಅವಳನ್ನು ಒಪ್ಪಿಸುವಷ್ಟರಲ್ಲಿ ಸಾಕುಸಾಕಾಯಿತು. ಮರಗಟ್ಟಿಸುವ ಸೂಜಿಯಲ್ಲಿ ಬರೀ ನೀರಿದೆಯೇನೋ ಎಂದು ಆಪರೇಷನ್ ಟೇಬಲ್ಲಿನ ಮೇಲೂ ವಿಚಾರಿಸಿದಳಂತೆ. ತೆಗೆದ ತುಂಡನ್ನು ಹಟ ಹಿಡಿದು ನೋಡಿದಳು. ಪರೀಕ್ಷೆಯಲ್ಲಿ ಡಾಕ್ಟರ ಮಾತೇ ನಿಜವಾಯಿತು. ಗಾಯ ಮಾಯ್ದ ಮೇಲೆ ನೋವು ಬರಲಿಲ್ಲ. ಆದರೂ ದಿನಾ ಬೆಳಿಗ್ಗೆ ಆ ಜಾಗ ಒತ್ತಿ ನೋಡುವಳು. ಎಲ್ಲೋ ಅಡಗಿ ಕೂತಿದೆ ಎಂಬ ಗುಮಾನಿ.

ಅವಳನ್ನು ಕೊನೆಯ ಸಲ ಕಂಡದ್ದು ತಿಕೋಟಾದಲ್ಲಿ, ಮಗನ ಮನೆಯಲ್ಲಿ. ಸೊಸೆ ತಲೆನೋವೆಂದು ಮಲಗಿದ್ದಳು. ಮಂದಿ ಬಂದ ದಿನವೇ ಇವಳಿಗೆ ತಲೆನೋವು ಬರುತ್ತದೆ ಎಂದು ಮಗ ಗೊಣಗಿದ. ನಾನು ಒಯ್ದಿದ್ದ ಪೇಡೆಯನ್ನು ಮೂಸಿ ನೋಡುತ್ತಿದ್ದ ಚಿಗವ್ವ ಅದನ್ನು ಕೆಳಗಿಟ್ಟಳು.

"ಆಕಿ ತಲಿ ನೂಸ್ತೈತಿ ಅಂದಾಳಂದ್ರ ನೂಸ್ತೈತಿ. ನಿನಗ ರಕ್ತಾ ಹರಿಸಿ ತೋರಿಸಬೇಕೇನು?"

ಚಿಗವ್ವ ಒಳಗೆ ಹೋಗಿ, ಸೊಸೆಯ ಕಣ್ಣಿಗೆ ಬೆಳಕು ಬೀಳದಂತೆ ಕಿಟಕಿ ಮುಚ್ಚಿ ಬಂದಳು.

ಚಿಗವ್ವ ತೀರಿಕೊಂಡ ದಿನ ಆ ಸೊಸೆಯನ್ನು ಸಮಾಧಾನ ಮಾಡುವುದು ನಮ್ಮ ಯಾರಿಂದಲೂ ಆಗಲಿಲ್ಲ.